ಮೂರಡಿ

ಗಡಿಯಾರ ಕಂಬದಿಂದ ಇಳಿದು ಎಡಕ್ಕೆ, ನೀಲಿ ಶಟರು:
ಲಿಗೋರಿ ಎಂಜಿನಿಯರಿಂಗ್ ವರ್ಕ್ಸ್, ವಿರಾಜಪೇಟೆ.
ಎಂಜಿನಿಯರು ಯಾರೂ ಇಲ್ಲ. ನಾನು, ಒಂದು ಗ್ರೈಂಡರು,
ಹತ್ತನೇ ಫೇಲಾದ ರೆಜೀಶ,
ಮತ್ತೆ ಒಂಬತ್ತು ತಿಂಗಳು ಗೋಡೆಗೊರಗಿ ನಿಂತಿದ್ದ
ಮೂರಡಿ ಕಬ್ಬಿಣ.

ಕೇಳಿದವರಿಗೆಲ್ಲ ಹೇಳುತ್ತಿದ್ದೆ: ಮಾರಾಟಕ್ಕಲ್ಲ.
ಕಡಂಗದ ದಾರಿ, ಬೆಳ್ಯಪ್ಪನವರ ಹೋಮ್‌ಸ್ಟೇ, ಮಾಳಿಗೆ ಬಾಲ್ಕನಿ,
ನಲವತ್ತೊಂದು ಅಡಿ ರೇಲಿಂಗಿನಲ್ಲಿ
ಮೂವತ್ತೆಂಟು ಅಲ್ಲಿದೆ, ಮೂರು ಇಲ್ಲಿದೆ.

ಬಿಲ್ಲು ಒಂದು ಲಕ್ಷ ಎಂಬತ್ತಾರು ಸಾವಿರ.
ಬಂದದ್ದು ಅರವತ್ತು. ಉಳಿದದ್ದಕ್ಕೆ ಹೋದಾಗಲೆಲ್ಲ
ಬಾಗಿಲಿಂದಲೇ ಕಳಿಸಿದವರಲ್ಲ ಅವರು, ಪಾಪ.
‘ಬಾ ಲಿಗೋರಿ, ಕೂರು.’
ಕಡುಂಬಿಟ್ಟು, ಕಾಚಂಪುಳಿ ಬಿದ್ದ ಪಂದಿಕರಿ.
ಬಾಯಿ ತುಂಬಿದವನು ಬಾಕಿ ಕೇಳುವುದು ಹೇಗೆ?
ಉಂಡ ಮನೆಗೆ ಎರಡು ಬಗೆಯಬಾರದೆಂದು ಅಮ್ಮ ಕಲಿಸಿದ್ದಳು;
ಉಣಿಸಿದ ಮನೆಯೇ ಎರಡು ಬಗೆದರೆ?
ಅದನ್ನು ಕಲಿಸುವ ಮೊದಲೇ ಹೋದಳು.

ಕೈಲ್ ಮುಹೂರ್ತ ಕಳೀಲಿ ಅಂದರು. ಕಳೆಯಿತು.
ತುಲಾ ಸಂಕ್ರಮಣಕ್ಕೆ ಕಾವೇರಿಯೇ
ಹೇಳಿದ ಗಳಿಗೆಗೆ ಬಂದಳು, ದುಡ್ಡು ಬರಲಿಲ್ಲ.
ಹುತ್ತರಿಗೆ ಕದಿರು ಬಂತು. ಕಾಫಿ ಒಣಗಿ ಚೀಲ ಸೇರಿತು,
ರೇಟು ಬರಲಿ ಅಂದರು; ರೇಟು ಬಂತು,
ಇನ್ನೂ ಏರಲಿ ಅಂದರು. ಆಮೇಲೆ ಮೆಣಸು. ಆಮೇಲೆ ಹಾಕಿ.
ಅವರ ಒಕ್ಕದ ತಂಡ ಎರಡನೇ ಸುತ್ತಿಗೇ ಸೋತು
ಮನೆಗೆ ಮನೆಯೇ ಮುಖ ಊದಿಸಿಕೊಂಡಿತ್ತು.
ಆ ದಿನ ನಾನೇ ಕೇಳಲಿಲ್ಲ.

ವಕೀಲೆ ಬೊಳ್ಳಮ್ಮ ಕನ್ನಡಕ ಏರಿಸಿ ಹೇಳಿದರು:
‘ಕೈಯಲ್ಲಿರುವ ತನಕ ಹಿಡಿತ. ಗೋಡೆ ಸೇರಿತೋ, ಅದು ಗೋಡೆ.
ಆಮೇಲೆ ನಿನ್ನದು ಬರೀ ಬಾಕಿ, ಅದಕ್ಕೂ ಮೂರೇ ವರ್ಷ ಆಯಸ್ಸು.
ಬಾಕಿ ಇದೆ ಅಂತ ಒಂದು ಗೆರೆ ಬರೆಸು, ರುಜು ಹಾಕಿಸು.’
ಫೀಸು ಐನೂರು. ಅಲ್ಲೇ ಎಣಿಸಿ ಕೊಟ್ಟೆ.
ಕಾನೂನು ಯಾರಿಗೂ ಸಾಲ ಕೊಡುವುದಿಲ್ಲ.

ಹಾಗಾಗಿ ಅದು ನನ್ನ ಬಳಿ.
ರೆಡ್ ಆಕ್ಸೈಡ್ ಬಳಿದು, ತುಕ್ಕು ಹತ್ತದಂತೆ ನೋಡಿಕೊಂಡೆ,
ಒತ್ತೆಯಾಳಿಗೆ ಹೊತ್ತಿಗೆ ಸರಿಯಾಗಿ ಅನ್ನವಿಟ್ಟ ಹಾಗೆ.
ನಡುನಡುವೆ ಸ್ಟೀಲಂಗಡಿ ಹಂಝ ಬರುತ್ತಿದ್ದ,
ನಾನು ತಂದ ಪೈಪಿನ ಲೆಕ್ಕ ಹಿಡಿದು.
‘ಬಾ ಹಂಝ, ಕೂರು’ ಅನ್ನುತ್ತಿದ್ದೆ. ಚಾ ತರಿಸುತ್ತಿದ್ದೆ.
ಗಂಟಲು ನನ್ನದು, ದನಿ ಬೆಳ್ಯಪ್ಪನವರದು.

ಮೇ ತಿಂಗಳ ಒಂದು ಶನಿವಾರ ರೆಜೀಶ ಅಂದ:
ಅಲ್ಲಿ ಗೆಸ್ಟು ಬಂದಿದ್ದಾರೆ. ಕಾರು. ಒಂದು ಮಗು,
ಇನ್ನೂ ಗೋಡೆ ಹಿಡಿದು ನಡೆಯುವುದು.
ಸಂದಿಗೆ ಬಟ್ಟೆ ಒಣಹಾಕುವ ಹಸಿರು ಹಗ್ಗ ಕಟ್ಟಿದ್ದಾರೆ.

ಮೂರಡಿ ಅಂದರೆ ಎಷ್ಟು?
ರಾತ್ರಿ ಹಾಸಿಗೆಯಲ್ಲಿ ಕೈಚಾಚಿ ಅಳೆದೆ.
ಸೆವ್ರಿನಾ ಎಚ್ಚರಾಗಿ, ಏನು ಹುಡುಕ್ತೀರಿ ಅಂದಳು.
ಮಗುವಿಗೆ ಒಂದಡಿ ಸಾಕು.

ಗೋಣಿ ಸುತ್ತಿ, ರೆಜೀಶನ ತೋಳಿಗೆ ಕೊಟ್ಟು, ಸ್ಕೂಟರು ಹತ್ತಿದೆ.
ನಾಯಿ ಬೊಗಳಿತು. ಬೆಳ್ಯಪ್ಪ ಟಾರ್ಚು ಹಿಡಿದು ಹೊರಬಂದರು.
ಮೊದಲ ಸಲ, ಕೂರು ಅನ್ನಲಿಲ್ಲ.

ವೆಲ್ಡಿಂಗ್ ಮಾಡಲಿಲ್ಲ. ನಾಲ್ಕು ಬೋಲ್ಟು, ಹದಿನೇಳರ ನಟ್ಟು.
ಅವರು ಬೆಳಕು ಹಿಡಿದರು, ನಾನು ತಿರುಗಿಸಿದೆ.
ಒಳಗೆ ಮಗು ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಕೊನೆಯದು ಬಿಗಿಯಾದ ಮೇಲೆ ಬಿಲ್ಲು ಮಗುಚಿ ಪೆನ್ನು ಕೊಟ್ಟೆ.
‘ಬಾಕಿ ಇರುವುದು ನಿಜ.’
ಬರೆದರು, ತಾರೀಖು ಹಾಕಿದರು. ಅಕ್ಷರ ನಡುಗಿದ್ದು
ಅವರ ಕೈಯಿಂದಲೋ ಗೊತ್ತಿಲ್ಲ,
ಆಗ ಟಾರ್ಚು ನಾನು ಹಿಡಿದಿದ್ದೆ.

ದುಡ್ಡೇ? ಇನ್ನೂ ಇಲ್ಲ.
ಹಂಝನಿಗೆ ನಾನೂ ಒಂದು ಗೆರೆ ಬರೆದುಕೊಟ್ಟಿದ್ದೇನೆ.
ಗೋಡೆಯ ಬುಡದಲ್ಲಿ ಎರಡು ಕೆಂಪು ಕಲೆ ಉಳಿದಿವೆ,
ಮೇಲೆ ಮೊಳೆಗೆ ಹದಿನೇಳರ ಸ್ಪ್ಯಾನರು.
ರೆಜೀಶ ಬೇರೆ ಕೆಲಸಕ್ಕೆ ಕೈಹಾಕಿದರೆ
ಅದಲ್ಲ, ಇನ್ನೊಂದು ತಗೋ, ಅನ್ನುತ್ತೇನೆ.